ಹುಲ್ಲಿಲಿಗಳಿಗೆ ಮೂರು ದಿನದ ಜೋಳ

ನ್ಯೂಜೆರ್ಸಿಯ ಹ್ಯಾರಿಸನ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಪ್ಲಾಟ್‌ಫಾರ್ಮಿಗೆ ಬಂದಾಗ ಬೆಳಿಗ್ಗೆ ಒಂಬತ್ತು ಗಂಟೆ. ನವೆಂಬರಿನ ಶನಿವಾರ. ವಾರವಿಡೀ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತಿ ಎತ್ತಿ ನನ್ನ ಗಂಟಲು ಬಿದ್ದುಹೋಗಿತ್ತು, ಮಂಡಿ ಬೇರೆ ಹಿಡಿದುಕೊಂಡಿತ್ತು. "ಈ ಚಳೀಲಿ ಇಲಿಗಳ ಪರವಾಗಿ ಮಾತಾಡೋಕೆ ಬ್ರಿಡ್ಜ್‌ವಾಟರ್‌ವರೆಗೂ ಹೋಗ್ಬೇಕಾ? ಜೂಮ್‌ನಲ್ಲಿ ಹೇಳಿದ್ರೆ ಆಗಲ್ವಾ?" ಎಂದು ಗಂಡ ಹಾಸಿಗೆಯಿಂದಲೇ ಕೇಳಿದ್ದರು. ಜಗಳವಾಡಲೂ ಉಸಿರಿರಲಿಲ್ಲ. ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡು ಹೊರಟುಬಿಟ್ಟೆ.

ನನ್ನನ್ನು ಕರೆದವರು ಧಾರವಾಡದ ಗಿರಿಜಕ್ಕ. ಅವರ ಟೌನ್‌ಹೌಸುಗಳ ಹಿಂದೆ ಏಳೆಂಟು ಎಕರೆಯಷ್ಟು ಹುಲ್ಲುಗಾವಲಿದೆ. ಅದರಲ್ಲಿ ವೋಲ್ ಎಂಬ ಪ್ರಾಣಿಗಳಿವೆ. ಮೋಟು ಬಾಲ, ಗುಂಡು ಮೂತಿ, ಹೆಬ್ಬೆರಳಿಗಿಂತ ಒಂದಿಷ್ಟು ದೊಡ್ಡದು. ನಾನು ಅವನ್ನು ಹುಲ್ಲಿಲಿ ಎನ್ನುತ್ತೇನೆ. ಚಳಿಗಾಲದಲ್ಲಿ ಹಿಮದ ಅಡಿಯಲ್ಲೇ ಓಡಾಡಿ ಎಳೆಯ ಮರಗಳ ತೊಗಟೆ ಸುಲಿದು ತಿನ್ನುತ್ತವೆ ಎಂದು ಅಲ್ಲಿನ ಅಸೋಸಿಯೇಷನ್ ಬೋರ್ಡಿನವರು ವಿಷ ಹಾಕಿಸಲು ಹೊರಟಿದ್ದರು. ಮಧ್ಯಾಹ್ನ ಎರಡಕ್ಕೆ ಸಭೆ, ಆಮೇಲೆ ಓಟು. "ನೀ ಮಂಡ್ಯಾದಾಗ ಇದನ್ನ ಮಾಡಿದಾಕಿ, ಬಂದು ನಾಕ್ ಮಾತ ಹೇಳು" ಎಂದು ಗಿರಿಜಕ್ಕ ಫೋನಿನಲ್ಲಿ ಹೇಳಿದ್ದರು.

ಮಾಡಿದವಳು ಎನ್ನುವುದು ನಿಜ. ಬಿ.ಎಸ್ಸಿ ಅಗ್ರಿ ಮುಗಿಸಿ ಒಂಬತ್ತು ವರ್ಷ ಮದ್ದೂರಿನ ಕಡೆ ಸಹಾಯಕ ಕೃಷಿ ಅಧಿಕಾರಿಯಾಗಿದ್ದೆ. ಗದ್ದೆ ಬದುಗಳಲ್ಲಿ ಇಲಿ ಪಾಷಾಣ ಹಾಕಿಸುವ ಆಂದೋಲನ ಬಂದಾಗಲೆಲ್ಲ ಮುಂದೆ ನಿಂತವಳು ನಾನೇ. ಇಲ್ಲಿಗೆ ಬಂದ ಮೇಲೆ ವಿಷ ಬೇಡ ಎಂದು ಹೇಳಿಕೊಂಡು ತಿರುಗುತ್ತಿರುವವಳೂ ನಾನೇ. ನಮ್ಮ ಹ್ಯಾರಿಸನ್ ಅಪಾರ್ಟ್‌ಮೆಂಟಿನಲ್ಲಿ ಒಮ್ಮೆ, ಮಾರಿಸ್‌ಟೌನಿನ ಒಂದು ಪಾರ್ಕಿನ ವಿಷಯಕ್ಕೆ ಎರಡು ಸಲ ಮಾತಾಡಿದ್ದೆ. ಮೂರೂ ಸಲ ಸೋತಿದ್ದೆ.

ಪಾತ್ ರೈಲಿನಲ್ಲಿ ಒಂದೇ ಸ್ಟಾಪು ನ್ಯೂವರ್ಕ್. ಅಷ್ಟಕ್ಕೆ ಮೂರು ಡಾಲರ್. ಶನಿವಾರವಾದ್ದರಿಂದ ಅದೂ ಇಪ್ಪತ್ತು ನಿಮಿಷ ಕಾಯಿಸಿತು. ನ್ಯೂವರ್ಕ್ ಪೆನ್ ಸ್ಟೇಷನ್ನಿನಲ್ಲಿ ಓಡುತ್ತಾ ಹೋದೆ, ರಾರಿಟನ್ ವ್ಯಾಲಿ ರೈಲಿನ ಬೆನ್ನು ಮಾತ್ರ ಕಂಡಿತು. ಇನ್ನೊಂದು ಬರಲು ಒಂದು ಗಂಟೆ. ಮರದ ಬೆಂಚಿನ ಮೇಲೆ ಕುಳಿತು ಡಬ್ಬಿಯಲ್ಲಿದ್ದ ಒಗ್ಗರಣೆ ಅವಲಕ್ಕಿ ತಿಂದೆ. ಪಕ್ಕದಲ್ಲಿ ಮಲಗಿದ್ದ ಒಬ್ಬರು ಕಣ್ಣು ತೆರೆದು, "ಸ್ಮೆಲ್ಸ್ ಗುಡ್" ಎಂದು ಹೇಳಿ ಮತ್ತೆ ಮಲಗಿದರು.

ಹತ್ತೂಕಾಲು ದಾಟಿದ ಮೇಲೆ ರೈಲು ಹೊರಟಿತು. ಯೂನಿಯನ್, ಕ್ರಾನ್‌ಫರ್ಡ್, ವೆಸ್ಟ್‌ಫೀಲ್ಡ್, ಪ್ಲೇನ್‌ಫೀಲ್ಡ್. ಒಂದೊಂದು ಊರೂ ತನ್ನ ಹಿತ್ತಲನ್ನೇ ರೈಲಿಗೆ ತೋರಿಸುತ್ತಿತ್ತು. ಎಲೆ ಉದುರಿದ ಮರ, ಮಗುಚಿದ ಪ್ಲಾಸ್ಟಿಕ್ ಕುರ್ಚಿ, ಮಕ್ಕಳ ಜಾರುಬಂಡೆ. ಎರಡು ನಿಮಿಷದ ಭಾಷಣವನ್ನು ಕಾಗದದ ಮೇಲೆ ಬರೆದುಕೊಂಡಿದ್ದೆ, ಓದಿಕೊಳ್ಳಲು ತೆಗೆದವಳು ಬೌಂಡ್‌ಬ್ರೂಕ್ ಬರುವವರೆಗೂ ನಿದ್ದೆ ಹೊಡೆದೆ.

ಬ್ರಿಡ್ಜ್‌ವಾಟರ್ ಸ್ಟೇಷನ್ನಿನಲ್ಲಿ ಇಳಿದವಳು ನಾನೊಬ್ಬಳೇ. ಗಿರಿಜಕ್ಕ ಹೇಳಿದ್ದರಿಂದ ಅವರ ನೆರೆಮನೆಯ ರಾವ್ ಅಂಕಲ್ ಕಾರು ತಂದಿದ್ದರು. ಮೈಸೂರಿನವರು, ಔಷಧಿ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು, ಎಪ್ಪತ್ತು ದಾಟಿದೆ. ವಿಷ ಹಾಕಬೇಕೆನ್ನುವ ಬೋರ್ಡಿನಲ್ಲಿ ಅವರೂ ಒಬ್ಬರು.

"ಏನಮ್ಮಾ ಸುಜಾತಾ, ಹೈವೇ ಹೆದರಿಕೆ ಇನ್ನೂ ಹೋಗ್ಲಿಲ್ವಾ? ನ್ಯೂಜೆರ್ಸೀಲಿ ಡ್ರೈವ್ ಮಾಡ್ದೇ ಇರೋ ಕನ್ನಡದೋರು ಅಂದ್ರೆ ನೀವೊಬ್ರೇ ಇರ್ಬೇಕು."

"ನನ್ನ ವಿರೋಧ ಪಕ್ಷದವರೇ ಕಾರ್ ತಂದು ಕರ್ಕೊಂಡು ಹೋಗ್ವಾಗ ನಾನ್ಯಾಕೆ ಕಲೀಲಿ ಅಂಕಲ್?"

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ನೋಡಮ್ಮಾ, ನಾನೇನು ಕಟುಕ ಅಲ್ಲ. ಹೋದ ವರ್ಷ ನನ್ ಕೈಯಾರೆ ನೆಟ್ಟ ಹನ್ನೆರಡು ಗಿಡ. ಹಿಮ ಕರಗಿದ ಮೇಲೆ ನೋಡಿದ್ರೆ ಬುಡದ ಸುತ್ತ ತೊಗಟೇನೇ ಇಲ್ಲ. ಒಂದೂ ಉಳೀಲಿಲ್ಲ." ಅವರ ದನಿಯಲ್ಲಿ ಸಂಕಟವಿತ್ತು. ಬುಡಕ್ಕೆ ತಂತಿಬಲೆ ಸುತ್ತಿ, ಸುತ್ತಲ ಹುಲ್ಲು ಕತ್ತರಿಸಿದರೆ ಸಾಕು ಎಂದೆ. "ಅದನ್ನ ಮಾಡೋರು ಯಾರು? ಬೋರ್ಡಿಗೆ ಸೋಮವಾರ ಒಬ್ಬ ಬಂದು ಸೋಮವಾರವೇ ಮುಗೀಬೇಕು" ಎಂದರು.

ಗಿರಿಜಕ್ಕ ಬಾಗಿಲಲ್ಲೇ ಕಾಯುತ್ತಿದ್ದರು. ಚಪ್ಪಲಿ ಬಿಡಲೂ ಬಿಡಲಿಲ್ಲ. "ಯವ್ವಾ, ಬಂದಿ? ಕೂಡೂದು ಆಮ್ಯಾಲೆ, ಮೊದ್ಲ ಇದನ್ನ ನೋಡು ಬಾ" ಎಂದು ಕೈಹಿಡಿದು ಹಿತ್ತಲಿಗೆ ಎಳೆದೊಯ್ದರು.

ಒಣಗಿದ ಹುಲ್ಲು ಮೊಣಕಾಲುದ್ದ ನಿಂತಿತ್ತು. ಅದರ ನಡುವೆ ಎರಡು ಬೆರಳಗಲದ ದಾರಿಗಳು, ಹುಲ್ಲಿಲಿಗಳ ರಸ್ತೆಗಳು. ಅಲ್ಲಲ್ಲಿ ಬಿಲದ ಬಾಯಿ. ಒಂದೊಂದು ಬಾಯಿಯ ಪಕ್ಕದಲ್ಲೂ ತಿಂದು ಉಳಿದ ಒಂದು ಚಮಚದಷ್ಟು ಓಟ್ಸ್, ಅದರ ಮೇಲೆ ಬಿಳಿಜೋಳ.

"ಯಾರೋ ಪುಣ್ಯಾತ್ಮರು ಬುಧವಾರ ಬಂದು ಓಟ್ಸ್ ಹಾಕಿ ಹೋಗ್ಯಾರ. ಎಲ್ಲಾರೂ ಕೊಲ್ರಿ ಕೊಲ್ರಿ ಅನ್ನೂ ಹೊತ್ತಿನಾಗ ಯಾರಿಗೋ ಒಬ್ಬರಿಗೆ ಕರುಳು ಚುರುಕ್ ಅಂದೈತಿ ನೋಡು. ಅದನ್ನ ನೋಡಿ ನಾನೂ ಮೂರು ದಿನದಿಂದ ಮುಂಜಾನೆ ಜ್ವಾಳ ಹಾಕಾಕತ್ತೀನಿ. ಹೆಂಗ ತಿಂತಾವ ಅಂತಿ! ಈಗ ನನ್ನ ಹೆಜ್ಜಿ ಸಪ್ಪಳಕ್ಕ ಓಡಂಗಿಲ್ಲ, ಹೊರಗ ಬರ್ತಾವ!"

ಮಂಡಿ ಊರಿ ಬಗ್ಗಿ ನೋಡಿದೆ. ಊರಿನಲ್ಲಿ ಗಿರಿಜಕ್ಕ ಇರುವೆಗೂಡಿಗೆ ಸಕ್ಕರೆ-ರವೆ ಹಾಕಿ ಬೆಳೆದವರು. ಬಿಲದ ಬಾಯಲ್ಲಿ ಕಾಳು ಕಂಡರೆ ಧರ್ಮ ಎಂದೇ ಅಂದುಕೊಳ್ಳುತ್ತಾರೆ. ನಾನು ಅದನ್ನು ಬೇರೆ ಕಡೆಯಿಂದ ಬಲ್ಲವಳು.

ಇಲಿ ಹೊಸ ತಿಂಡಿಯನ್ನು ನಂಬುವುದಿಲ್ಲ. ಅದಕ್ಕೇ ನಾವು ಮದ್ದೂರಿನಲ್ಲಿ ಎರಡು ದಿನ ಬರೀ ಪುರಿಗೆ, ಅಂದರೆ ಮಂಡಕ್ಕಿಗೆ, ಕಡಲೆಕಾಯಿ ಎಣ್ಣೆ ಸವರಿ, ಪೊಟ್ಟಣ ಕಟ್ಟಿ ಬಿಲದ ಹತ್ತಿರ ಇಡುತ್ತಿದ್ದೆವು. ತಿಂದು ರುಚಿ ಹತ್ತಿ ನಂಬಿಕೆ ಬಂದ ಮೇಲೆ ಮೂರನೆಯ ದಿನ ಅದೇ ಪುರಿ, ಅದೇ ಎಣ್ಣೆ, ಜೊತೆಗೆ ಪಾಷಾಣ. ಒಮ್ಮೆ ನಿಂಗಮ್ಮ ಎಂಬ ಮುದುಕಿ ಮೊದಲ ದಿನ ನಾನು ಪುರಿ ಇಡುವುದನ್ನು ನೋಡಿ, "ಇಲಿಗೂ ಉಣ್ಣಾಕ್ ಇಕ್ತೀಯಲ್ಲವ್ವಾ, ನಿನ್ ಹೊಟ್ಟೆ ತಣ್ಗಿರ್ಲಿ" ಎಂದು ಹರಸಿದ್ದರು. ವಿವರಿಸಲು ಸೋಮಾರಿತನವೋ ನಾಚಿಕೆಯೋ, ಸುಮ್ಮನೆ ನಕ್ಕಿದ್ದೆ. ಮೂರನೆಯ ದಿನದ ಪೊಟ್ಟಣವನ್ನು ಅವರ ಎರಡು ಕೋಳಿಗಳೂ ಕೆದರಿ ತಿಂದವು. ಸತ್ತ ಕೋಳಿಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತ ನಿಂಗಮ್ಮ ಬೈಯಲಿಲ್ಲ. "ಇಕ್ಕಾಕ್ ಮೊದ್ಲು ಒಂದ್ ಮಾತ್ ಹೇಳ್ಬಾರ್ದಾಗಿತ್ತಾ?" ಎಂದಷ್ಟೇ ಕೇಳಿದರು. ಇದಾಗಿ ಇಪ್ಪತ್ತೈದು ವರ್ಷವಾಯಿತು.

ಗಿರಿಜಕ್ಕನಿಗೆ ಹೇಳದೆ ಊಟ ಮಾಡಿ, ಭಾಷಣ ಓದಿ, ರೈಲು ಹತ್ತಿಬಿಡಬಹುದಿತ್ತು. ಮನಸ್ಸು ಅದನ್ನೇ ಬಯಸಿತು, ಅಷ್ಟು ಸುಸ್ತಾಗಿತ್ತು.

"ಅಕ್ಕಾ, ಇದು ಪುಣ್ಯಕ್ಕೆ ಹಾಕಿದ್ದಲ್ಲ. ವಿಷದ ಕಂಪನಿಯವರು ಹಾಕಿರೋದು. ಮೊದಲು ಒಳ್ಳೇ ಕಾಳು ತಿನ್ನಿಸಿ ರೂಢಿ ಮಾಡಿಸ್ತಾರೆ. ಸೋಮವಾರ ಇದೇ ಜಾಗದಲ್ಲಿ ವಿಷದ ಕಾಳು ಬರುತ್ತೆ."

ಅವರು ನನ್ನ ಮುಖ ನೋಡಿದರು, ಕಾಳು ನೋಡಿದರು. "ಅಂದ್ರ ನಾ ಮೂರು ದಿನ ಹಾಕಿದ್ದು?"

"ನೀವು ಗೊತ್ತಿಲ್ಲದೆ ಹಾಕಿದ್ರಿ."

"ಗೊತ್ತಿಲ್ದ ಹಾಕಿದ್ರ ಅವಕ್ಕೇನ್ ಗೊತ್ತಾಗ್ತೈತಿ? ನನ್ನ ಹೆಜ್ಜಿ ಸಪ್ಪಳ ಕೇಳಿ ಹೊರಗ ಬರ್ತಾವಲ್ಲ, ನನ್ನ ನಂಬೇ ಬರ್ತಾವಲ್ಲ!" ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬೇರೆ ದಿನವಾಗಿದ್ದರೆ ನಾಲ್ಕು ರೊಟ್ಟಿ ಇಳಿಯುತ್ತಿತ್ತು. ಅವರು ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡಿದ್ದರು.

ಸಭೆ ಕ್ಲಬ್‌ಹೌಸಿನಲ್ಲಿ. ಮೂವತ್ತು ಜನ, ಡೋನಟ್ಟು, ಕಾಫಿ. ನನ್ನ ಸರದಿ ಬಂದಾಗ ಬರೆದ ಕಾಗದವನ್ನು ಮಡಿಸಿಟ್ಟು ಒಂದೇ ಪ್ರಶ್ನೆ ಕೇಳಿದೆ: ಓಟು ಇವತ್ತು, ಹಾಗಾದರೆ ಬುಧವಾರವೇ ಕಾಳು ಹಾಕಿಸಿದವರು ಯಾರು? ಆ ಕಾಳು ಯಾತಕ್ಕೆ ಎಂದು ವಿವರಿಸಿದೆ. ತೆನೆಕಾಳು ತಿನ್ನುವ ಹಕ್ಕಿಗಳೂ ಆ ವಿಷ ತಿನ್ನುತ್ತವೆ ಎಂದೆ. ಗದ್ದಲವೆದ್ದೀತು ಎಂದುಕೊಂಡಿದ್ದೆ. ಯಾರೋ ಡೋನಟ್ಟಿನ ಪೆಟ್ಟಿಗೆ ಮುಚ್ಚಿದರು, ಅಷ್ಟೇ. ಅಧ್ಯಕ್ಷರು, "ಇಟ್ಸ್ ಜಸ್ಟ್ ಓಟ್ಸ್, ಮ್ಯಾಮ್" ಎಂದು ಮುಗುಳ್ನಕ್ಕರು. ರಾವ್ ಅಂಕಲ್ ಮಾತ್ರ ಅವರ ಕಡೆ ತಿರುಗಿ, ಹುಲ್ಲಿಲಿಗಳು ಎಲ್ಲಿ ಓಡಾಡುತ್ತವೆ ಎಂದು ತಿಳಿಯಲು ಕಾಳು ಹಾಕಿಸುತ್ತೇವೆ ಅಂತಲ್ಲವೇ ನೀವು ನಮಗೆ ಹೇಳಿದ್ದು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಅಧ್ಯಕ್ಷರು ಗಡಿಯಾರ ನೋಡಿದರು.

ನನ್ನ ಎರಡು ನಿಮಿಷದಲ್ಲಿ ಹತ್ತು ಸೆಕೆಂಡು ಉಳಿದಿತ್ತು. ಕೊನೆಗೆ ಒಂದು ನಿಯಮ ಹೇಳಿದೆ: ಮೊದಲು ಹಾಕಿದ ಕಾಳನ್ನು ಎಲ್ಲಿ ಇಲಿ ಮುಟ್ಟಿಲ್ಲವೋ ಅಲ್ಲಿ ವಿಷ ಹಾಕುವಂತಿಲ್ಲ, ಈ ಕೆಲಸ ಬಲ್ಲವರೆಲ್ಲ ಪಾಲಿಸುವ ಕ್ರಮ ಅದು, ಅದನ್ನಾದರೂ ಪಾಲಿಸಿ ಎಂದೆ. "ಥ್ಯಾಂಕ್ ಯೂ ಫಾರ್ ಯುವರ್ ಪ್ಯಾಶನ್" ಎಂದರು ಅಧ್ಯಕ್ಷರು. ಸಭೆಗೆ ಬಾರದವರು ಮೊದಲೇ ಬರೆದುಕೊಟ್ಟ ಓಟುಗಳ ಕಟ್ಟು ಅವರ ಮುಂದೆಯೇ ಇತ್ತು. ನಾಲ್ಕನೆಯ ಸಲ ಸೋತೆ.

ಮನೆಗೆ ನಡೆದು ಬರುವಾಗ ಗಿರಿಜಕ್ಕ ಥಟ್ಟನೆ ನಿಂತರು. "ಮುಟ್ಟಲಿಲ್ಲಂದ್ರ ಹಾಕಂಗಿಲ್ಲ, ಹೌದಲ್ಲ? ಹಂಗಾರ ಮುಟ್ಟದಂಗ ಮಾಡೋಣು." ಅಡುಗೆಮನೆಗೆ ಹೋಗಿ ಕಪಾಟಿನಿಂದ ದೊಡ್ಡ ಸ್ಟೀಲ್ ಡಬ್ಬಿ ಇಳಿಸಿದರು. ಗುಂಟೂರು ಖಾರದಪುಡಿ. "ಬ್ಯಾಡಗಿ ಬಣ್ಣಕ್ಕಷ್ಟ. ಇದು ಪ್ರಾಣ ತಿಂತೈತಿ."

"ಪ್ರಾಣ ತಿನ್ನಲ್ಲ ಅಕ್ಕಾ, ಬಾಯಷ್ಟೇ ಉರಿಯುತ್ತೆ."

"ಪಾಪ, ಹಕ್ಕಿ ತಿಂದ್ರ?"

"ಹಕ್ಕಿಗೆ ಖಾರ ತಿಳಿಯಲ್ಲ. ಗಿಣಿ ಮೆಣಸಿನಕಾಯಿ ತಿನ್ನೋದು ನೋಡಿಲ್ವಾ?"

ಬೋಗುಣಿಯಲ್ಲಿ ಜೋಳ ಸುರಿದು, ಎಣ್ಣೆ ಬಿಟ್ಟು, ಖಾರ ಕಲಸಿದೆ. ಎಣ್ಣೆ ಇದ್ದರೇನೇ ಪುಡಿ ಕಾಳಿಗೆ ಅಂಟುವುದು. ಆ ಕೆಲಸವನ್ನು ಕೈ ಮರೆತಿರಲಿಲ್ಲ. ಮದ್ದೂರಿನಲ್ಲೂ ಹೀಗೇ ಕಲಸುತ್ತಿದ್ದೆ.

ಕಂಪನಿಯವರ ಓಟ್ಸನ್ನು ನಾವು ಮುಟ್ಟಲಿಲ್ಲ. ಮೂರು ದಿನ ಮಾಡಿದ್ದನ್ನೇ ಗಿರಿಜಕ್ಕ ನಾಲ್ಕನೆಯ ಸಲವೂ ಮಾಡಿದರು, ಅದರ ಮೇಲೆ ತಮ್ಮ ಜೋಳ ಹಾಕಿದರು. ನಾನು ಬೋಗುಣಿ ಹಿಡಿದು ಹಿಂದೆ ನಡೆದೆ. ಬಗ್ಗಿ ಬಗ್ಗಿ ಮಂಡಿ ಕಿತ್ತುಬಂತು. ಒಂದು ಬಿಲದಿಂದ ಗುಂಡು ಮೂತಿಯೊಂದು ನಿಜಕ್ಕೂ ಹೊರಗೆ ಬಂದು ಗಿರಿಜಕ್ಕನನ್ನು ನೋಡಿತು. "ತಿನ್ನಬ್ಯಾಡ್ರೋ, ಇನ್ನ ನಾ ಏನ್ ಹಾಕಿದ್ರೂ ತಿನ್ನಬ್ಯಾಡ್ರಿ" ಎಂದು ಅವರು ಅದಕ್ಕೆ ಹೇಳಿದರು. ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿದ. ಆಚೆಯ ಬೇಲಿಯ ಕಡೆ ಇನ್ನೂ ಬಹಳ ಬಿಲಗಳಿದ್ದವು.

ಅಷ್ಟರಲ್ಲಿ ರಾವ್ ಅಂಕಲ್ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದವರು ಹಿತ್ತಲಿಗೇ ಬಂದರು. "ಏನ್ ನಡೀತಿದೆ ಇಲ್ಲಿ?"

"ಏನಿಲ್ಲ ಅಂಕಲ್, ಹಕ್ಕಿಗೆ ಜೋಳ" ಎಂದೆ. ಬೋಗುಣಿಯನ್ನು ಸೆರಗಿನ ಹಿಂದೆ ಮುಚ್ಚಿಕೊಳ್ಳಲು ಸೀರೆಯೂ ಉಟ್ಟಿರಲಿಲ್ಲ. ಅವರು ಎರಡು ಸಲ ಜೋರಾಗಿ ಸೀನಿದರು. ಬೋರ್ಡಿನವರಿಗೆ ಹೇಳಿಬಿಟ್ಟಾರು ಎಂಬ ಭಯದಿಂದ ನಾನು ಬೇಗ ಬೇಗ ಕೈತೊಳೆದು ಕಾರು ಹತ್ತಿದೆ. ದಾರಿಯಲ್ಲಿ ಅವರು ಒಂದೇ ಮಾತು ಕೇಳಿದರು: "ಮುಟ್ಟದೇ ಇದ್ರೆ ಹಾಕಲ್ಲ ಅನ್ನೋದು ನಿಜ ತಾನೇ?" ನಿಜ ಎಂದೆ.

ರೈಲಿನಲ್ಲಿ ನಿದ್ದೆಗಣ್ಣು ಉಜ್ಜಿಕೊಂಡೆ. ಉಗುರಿನ ಸಂದಿಯಲ್ಲಿ ಉಳಿದಿದ್ದ ಖಾರ ಎರಡೂ ಕಣ್ಣಿಗೆ ಹತ್ತಿತು. ನ್ಯೂವರ್ಕ್ ಬರುವವರೆಗೂ ನೀರು ಸುರಿಯುತ್ತಲೇ ಇತ್ತು. ಎದುರು ಕುಳಿತ ಹೆಂಗಸು ಟಿಶ್ಯೂ ಕೊಟ್ಟು, "ರಫ್ ಡೇ?" ಎಂದಳು. ಹೌದು ಎಂದೆ.

ಸೋಮವಾರ ಮಧ್ಯಾಹ್ನ ಕ್ಲಿನಿಕ್ಕಿಗೆ ಫೋನ್ ಬಂತು. ರಾವ್ ಅಂಕಲ್.

"ವಿಷದವನ ಜೊತೆ ನಾನೇ ಓಡಾಡ್ದೆ ಕಣಮ್ಮಾ. ನಿಮ್ಮ ಅಕ್ಕನ ಕಡೆ ಒಂದು ಕಾಳೂ ಮುಟ್ಟಿರ್ಲಿಲ್ಲ. ಮುಟ್ಟಿಲ್ಲ, ಹಾಗಾಗಿ ಹಾಕ್ಬೇಡ ಅಂತ ಪಟ್ಟು ಹಿಡ್ದೆ. ಬಿಟ್ಟು ಮುಂದಕ್ಕೆ ಹೋದ."

ನನಗೆ ಕುರ್ಚಿಯಿಂದ ಎದ್ದು ನಿಲ್ಲುವಷ್ಟು ಖುಷಿಯಾಯಿತು.

"ಆದ್ರೆ ಆಚೆ ಬೇಲಿ ಕಡೆ ಎಲ್ಲ ಖಾಲಿ ಮಾಡಿದ್ವು. ಅಲ್ಲಿ ಹಾಕ್ಬಿಟ್ಟ. ಅಲ್ಲಿಗೆ ಯಾಕಮ್ಮಾ ಹೋಗ್ಲಿಲ್ಲ ನೀವಿಬ್ರೂ?"

"ಕತ್ತಲಾಗೋಯ್ತು ಅಂಕಲ್."

"ಅಯ್ಯೋ, ನನಗೆ ಒಂದ್ ಮಾತು ಹೇಳ್ಬಾರ್ದಾಗಿತ್ತಾ? ನಾನೇ ಟಾರ್ಚ್ ಹಿಡೀತಿದ್ನಲ್ಲಮ್ಮಾ."