ಉಂಗುರದ ಬೆರಳಿಗೆ ಟೇಪು

ಅಕ್ಕನ ಬಲಗೈಯ ಬೆರಳುಗಳೆಲ್ಲ ಹಸಿಶುಂಠಿಯ ಹಾಗೆ ಒಂದೊಂದು ಒಂದೊಂದು ಕಡೆ ತಿರುಗಿದ್ದವು. ಹದಿನೈದು ವರ್ಷ ವಿಕೆಟ್ ಹಿಂದೆ ಕುಳಿತು ಚೆಂಡು ಹಿಡಿದ ಕೈ ಅದು. ಅವರು ರಾಜ್ಯ ಮಹಿಳಾ ಕ್ರಿಕೆಟ್ ತಂಡದ ಕೀಪರ್; ತಂಡದ ಹುಡುಗಿಯರಿಗೆಲ್ಲ ಅಕ್ಕ. ಆ ವರ್ಷದ ಏಕದಿನ ಟೂರ್ನಿಗೆ ನಾನು ಎರಡನೇ ಕೀಪರ್, ಅಂದರೆ ನೀರು ಹೊರುವವಳು. ಅವರಿಗೆ ಏನಾದರೂ ಆದರೆ ಮಾತ್ರ ನನಗೆ ಆಟ.

ನನ್ನನ್ನು ಅಲ್ಲಿಯವರೆಗೆ ತಂದವರೂ ಅವರೇ. ಉತ್ತರಹಳ್ಳಿಯ ನಮ್ಮ ಮನೆಗೆ ಬಂದು ಅಪ್ಪನಿಗೆ, "ಸಾರ್, ನಿಮ್ ಮಗಳ ಕೈ ನನ್ ಕೈಗಿಂತ ಚೆನ್ನಾಗಿದೆ. ಮದ್ವೆ ಆಮೇಲೆ ಮಾಡಿ" ಎಂದಿದ್ದರು. ಜಯನಗರದ ನೆಟ್ಸ್‌ನಲ್ಲಿ ನಾನು ಕ್ಯಾಚ್ ಬಿಟ್ಟರೆ, "ಏನಮ್ಮ, ಬೋಂಡ ಬಿಸಿ ಇತ್ತಾ?" ಎಂದು ರೇಗಿಸುವರು.

ಮೊದಲ ಪಂದ್ಯದಲ್ಲೇ ಅವರ ಉಂಗುರದ ಬೆರಳು ಮುರಿಯಿತು. ಟಾಯ್ಲೆಟ್ಟಿಗೆ ಕರೆದು ಚಿಲಕ ಹಾಕಿ ಟೇಪು ಕೊಟ್ಟರು. "ಸುತ್ತು. ಯಾರಿಗೂ ಹೇಳ್ಬೇಡ." ಕಿರುಬೆರಳಿಗೆ ಸೇರಿಸಿ ಬಿಗಿಯಾಗಿ ಸುತ್ತಿದೆ. ಒಂದು ದಿನದ ಮಾತು ಅಂದುಕೊಂಡೆ. ಪ್ರತಿ ಪಂದ್ಯಕ್ಕೂ ಅದೇ ಆಯಿತು. ಫಿಸಿಯೋ ಮೇಡಂ ಪಕ್ಕದ ಕೋಣೆಯಲ್ಲೇ ಇರುತ್ತಿದ್ದರು. ಒಂದು ಮಾತು ಹೇಳಿದ್ದರೆ ಗ್ಲೌಸ್ ನನ್ನದು. ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ಮನೆಯಲ್ಲಿ ಅಪ್ಪ, "ಇವತ್ತೂ ಆಡ್ಸಿಲ್ವಾ?" ಎಂದರೆ ಸಿಟ್ಟಿಗೆ ತಟ್ಟೆ ಕುಕ್ಕುತ್ತಿದ್ದೆ.

ಕೊನೆಯ ಲೀಗ್ ಪಂದ್ಯ ಗೆದ್ದರೆ ಮಾತ್ರ ಮುಂದಿನ ನಾಕೌಟ್ ಹಂತ. ಬೆಳಿಗ್ಗೆ ನೋಡಿದರೆ ಬೆರಳು ನೀಲಿಗಟ್ಟಿತ್ತು.

"ಅಕ್ಕ, ಇವತ್ತು ನಾನ್ ಆಡ್ತೀನಿ. ಪ್ಲೀಸ್."

"ನಿಂಗಿನ್ನೂ ಹತ್ತೊಂಬತ್ತು ಕಣೇ. ನಂಗೆ ಇದೇ ಕೊನೇ ಸೀಸನ್. ಸುತ್ತು."

ಅಳು ನುಂಗಿಕೊಂಡು ಸುತ್ತಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವರು ಬಿಟ್ಟದ್ದು ತೀರಾ ಸುಲಭದ ಕ್ಯಾಚು. ಜೀವದಾನ ಸಿಕ್ಕ ಹುಡುಗಿ ಕೊನೆತನಕ ನಿಂತು ನಮ್ಮನ್ನು ಮನೆಗೆ ಕಳಿಸಿದಳು.

ಡ್ರೆಸ್ಸಿಂಗ್ ರೂಮಿನಲ್ಲಿ ಅಕ್ಕ ಟೇಪು ಕಿತ್ತು ಕೋಚ್ ಮುಂದೆ ಕೈ ಚಾಚಿದರು. "ಫಸ್ಟ್ ಮ್ಯಾಚಲ್ಲೇ ಮುರೀತು ಸಾರ್. ಮುಚ್ಚಿಟ್ಟೆ."

ಕೋಚ್ ನನ್ನ ಕಡೆ ತಿರುಗಿದರು. "ನಿಂಗೊತ್ತಿತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದರು: "ಅವಳಿಗೇನ್ ಗೊತ್ತು ಸಾರ್? ನಾನೇ ಸುತ್ಕೋತಿದ್ದೆ."

ಮುಂದಿನ ವರ್ಷದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕೀಪರ್ ನಾನೇ. ಅಕ್ಕ ಈಗ ಜೆ.ಪಿ. ನಗರದಲ್ಲಿ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತಾರೆ; ಸಿಕ್ಕಾಗ ನನ್ನ ಕ್ಯಾಚುಗಳ ಬಗ್ಗೆ ಮಾತ್ರ ಕೇಳುತ್ತಾರೆ. ಆ ಸೀಸನ್ ಕಿತ್ತುಕೊಂಡದ್ದಕ್ಕೆ ಅವರ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ಆದರೆ ತಂಡದಲ್ಲಿ ಅವರ ಮಾತು ಬಂದಾಗಲೆಲ್ಲ ಯಾರಾದರೊಬ್ಬರು, "ಎಂಥಾ ಸ್ವಾರ್ಥಿ! ಪಾಪ, ಏನೂ ಗೊತ್ತಿಲ್ಲದ ಈ ಹುಡುಗೀಗೂ ಮೋಸ ಮಾಡಿದ್ಳಲ್ಲ" ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಪ್ಯಾಡ್ ಕಟ್ಟಿಕೊಳ್ಳುತ್ತೇನೆ. ಇವತ್ತಿನವರೆಗೂ 'ಅಲ್ಲ' ಎಂದಿಲ್ಲ.