ತೋವಿನಕೆರೆಯ ಹೊಲದಲ್ಲಿ ಬೆಂಗಳೂರಿನ ಭಯ

ತೋವಿನಕೆರೆ ಬಳಿಯ ಒಂದು ಹೊಲದಲ್ಲಿ ಕೃಷಿ ಇಲಾಖೆಯ ಪರೀಕ್ಷೆಗೆ ಮಣ್ಣು ತೆಗೆಯುತ್ತಿದ್ದೆ. ಎಂಟು ಕಡೆ ಸಣ್ಣ ಗುಂಡಿ ತೋಡಿ, ಕೈಗವಸು ಹಾಕಿಕೊಂಡು ಮಣ್ಣನ್ನು ಚೀಲಕ್ಕೆ ತುಂಬಿ, ಚೀಟಿ ಅಂಟಿಸುವುದು ನನ್ನ ಕ್ರಮ. ಐದನೇ ಗುಂಡಿಯ ಹೊತ್ತಿಗೆ ಹೊಲದ ಒಡತಿ ನರಸಮ್ಮ ಓಡಿಬಂದು ನನ್ನ ಕೈ ಹಿಡಿದರು.

"ಏನಾಯ್ತಪ್ಪ ನಮ್ಮುಡುಗಿಗೆ? ಮುಚ್ಚಿಡ್ಬ್ಯಾಡ, ಹೇಳ್ಬುಡು."

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಮಗಳು ಬೆಳಿಗ್ಗೆಯಿಂದ ಫೋನ್ ಎತ್ತಿಲ್ಲವಂತೆ. ಅಲ್ಲಿ ಯಾವುದೋ ಹುಡುಗಿಯ ಕೊಲೆಯಾಗಿದೆ ಎಂದು ಟಿವಿಯಲ್ಲಿ ಒಂದೇ ಸಮನೆ ತೋರಿಸುತ್ತಿದ್ದಾರಂತೆ. ಆ ಟಿವಿಯಲ್ಲೂ ಕೈಗವಸು ಹಾಕಿದ ಪೊಲೀಸರು ಇಂಥದ್ದೇ ಚೀಲಕ್ಕೆ ಮಣ್ಣು ತುಂಬುತ್ತಿದ್ದರಂತೆ. ಅವರೇ ತನ್ನ ಹೊಲಕ್ಕೂ ಬಂದರೆಂದು ಆಕೆಯ ಎದೆ ಒಡೆದಿತ್ತು.

"ಗೊಬ್ಬರ ಎಷ್ಟು ಹಾಕ್ಬೇಕು ಅಂತ ನೋಡೋಕಮ್ಮ ಇದು," ಎಂದೆ.

"ಗೊಬ್ಬರಕ್ಕೆ ಗ್ಲೌಸ್ ಯಾಕಪ್ಪ ಬೇಕು?"

ಕೈಗವಸು ಕಳಚಿದೆ. ಇಬ್ಬರೂ ಬದುವಿನ ಮೇಲೆ ಕೂತು ಮತ್ತೆ ಮತ್ತೆ ಫೋನ್ ಮಾಡಿದೆವು. ಮಧ್ಯಾಹ್ನ ಒಂದು ಗಂಟೆಯ ಊಟದ ಬಿಡುವಿಗೆ ಮಗಳೇ ವಿಡಿಯೊ ಕಾಲ್ ಮಾಡಿದಳು. ಬಾಯಲ್ಲಿ ಇನ್ನೂ ಅನ್ನವಿತ್ತು.

"ಕೆಲ್ಸದ ಹೊತ್ನಾಗೆ ಫೋನ್ ಒಳಕ್ಕೆ ಬಿಡಾಕಿಲ್ಲ ಅಂತ ಎಷ್ಟ್ ಸಲ ಹೇಳ್ಲಿ? ಮೊದ್ಲು ಆ ಟಿವಿ ಆರ್ಸಮ್ಮ!"

ನರಸಮ್ಮ ಅಳುತ್ತಲೇ ನಕ್ಕರು.

ಅಷ್ಟರಲ್ಲಿ ಮಗಳ ಕಣ್ಣು ನನ್ನ ಮೇಲೆ ಬಿತ್ತು. "ಪಕ್ಕದಾಗೆ ಯಾರಮ್ಮ ಅದು? ಹೊಲ್ದಾಗೆ ಒಬ್ಳೇ ಗುರ್ತಿಲ್ದೋರ ಜೊತೆ ಕೂತಿದ್ದೀಯಲ್ಲ, ಕಾಲ ಸರಿಯಿಲ್ಲ ಕಣಮ್ಮ!"

ಇಲಾಖೆಯ ಗುರುತಿನ ಚೀಟಿಯನ್ನು ಫೋನಿಗೆ ಹಿಡಿದೆ. ಅವಳು ಹಿಂದೆ ಮುಂದೆ ಎರಡೂ ಕಡೆ ಓದಿದ ಮೇಲೆಯೇ, ಮುಂದಿನ ಗುಂಡಿ ತೋಡಲು ಬೆಂಗಳೂರಿನಿಂದ ಅಪ್ಪಣೆ ಸಿಕ್ಕಿತು.