ಆಸ್ಗರ್ ಅವರ ಕೂದಲೆಳೆ ಹೆಜ್ಜೆ

ಡೆನ್ಮಾರ್ಕಿನ ಒಂದು ಗಾಳಿಯಂತ್ರದ ಪ್ರಯೋಗಾಲಯದಲ್ಲಿ ಆಸ್ಗರ್ ಅವರಷ್ಟು ನಿಧಾನಿ ಇನ್ನೊಬ್ಬರಿಲ್ಲವೆಂದು ಪಕ್ಕದ ಮೇಜಿನ ಮಾರೆನ್ ದಿನಾ ಹಲ್ಲು ಕಡಿಯುತ್ತಿದ್ದಳು. ಹೊಸ ರೆಕ್ಕೆ ಅತಿ ಹೆಚ್ಚೆಂದರೆ ಎಷ್ಟು ನಡುಗೀತು ಎಂದು ಕೇಳಿದರೆ, ಅವರು ಗೊತ್ತಿರುವ ಒಂದು ಉತ್ತರದಿಂದಲೇ ಹೊರಡುವರು. ಗಣಕದ ಲೆಕ್ಕದಲ್ಲಿ ಮಿಕ್ಕ ಅಂಕಿಗಳನ್ನೆಲ್ಲ ಕಟ್ಟಿಹಾಕಿ, ಅಲುಗಿಸುವ ವೇಗವೊಂದನ್ನೇ ಕೂದಲೆಳೆಯಷ್ಟು ಸರಿಸುತ್ತ ಪರದೆಯಲ್ಲಿ ನಡುಕ ತೋರಿಸುವ ಗೆರೆಯ ಹಿಂದೆ ಹೋಗುವರು. ಗೆರೆ ಏರಿ ತಿರುಗಿದ ಮೇಲೇ ಇನ್ನೊಂದರ ಕಟ್ಟು ಬಿಚ್ಚುವರು. “ಎಲ್ಲಾ ಒಟ್ಟಿಗೆ ಬಿಚ್ಚಿದ್ರೆ ಲೆಕ್ಕ ದಿಕ್ಕುಪಾಲಾಗುತ್ತೆ, ಮಾರೆನ್.” ಬೂಟು ಕೊಳ್ಳಲು ಹೋದರೂ ಅಷ್ಟೇ, ಅಂಗಡಿಯವನು ದೀಪ ಆರಿಸುವವರೆಗೂ ಒಂದೇ ಕಾಲಿಗೆ ಹಾಕಿ ನೋಡುವರು. ಅವತ್ತು ರೆಕ್ಕೆಯನ್ನು ಪರೀಕ್ಷೆಯ ಕಟ್ಟೆಗೆ ಬಿಗಿದಾಗಿತ್ತು. ಮುಖ್ಯಸ್ಥ ಪ್ರೆಬೆನ್ ಬಾಗಿಲಲ್ಲೇ ನಿಂತು, “ಗೆರೆ ತಿರುಗ್ತಲ್ಲ ಮಾರಾಯ್ರೆ, ಅದೇ ಅತಿ ಹೆಚ್ಚು. ಅಲುಗಿಸೋ ಯಂತ್ರ ಶುರು ಮಾಡಿಸ್ತೀನಿ,” ಎಂದ. “ರೆಕ್ಕೆ ತುದಿಯ ಭಾರದ ಕಟ್ಟು ಇನ್ನೂ ಬಿಚ್ಚಿಲ್ಲ. ತಡೀರಿ.” “ಎಷ್ಟು ಹೊತ್ತು? ದೊಡ್ಡ ಹೆಜ್ಜೆ ಇಡ್ರೀ!” ಆಸ್ಗರ್ ಭಾರದ ಕಟ್ಟು ಬಿಚ್ಚಿದರು. ಗೆರೆ ಸ್ವಲ್ಪ ತೆವಳಿತು, ಮತ್ತೆ ತಲೆಯೆತ್ತಿತು, ರೆಕ್ಕೆ ತಾಳಬಲ್ಲ ಮಿತಿಯನ್ನು ದಾಟಿ ಮೇಲೆ ಹೋಯಿತು. ಆಸ್ಗರ್ ಫೋನೆತ್ತಿ ಕಟ್ಟೆಗೆ ಕರೆ ಮಾಡಿದರು. “ಶುರು ಮಾಡಬೇಡಿ. ರೆಕ್ಕೆ ಹತ್ರ ಯಾರಿದೀರಿ? ಓಡಿ ಹೊರಗೆ ಬನ್ನಿ!” “ನಾನೇ ಅಪ್ಪ, ಇನ್ಯಾರು? ದಿನಾ ನಾನೇ ಅಲ್ವಾ!” ಮಾರೆನ್ ಬೆಚ್ಚಿ ಅವರ ಮುಖ ನೋಡಿದಳು. ಮಗಳು ಅಲ್ಲಿದ್ದಾಳೆಂದು ಗೊತ್ತಿದ್ದೂ ಈ ಮನುಷ್ಯ ಒಂದು ಹೆಜ್ಜೆಯನ್ನೂ ಉದ್ದ ಮಾಡಿರಲಿಲ್ಲ. “ಹೊರಗೆ ಬಂದೆ ಅಪ್ಪ,” ಎಂದಿತು ಫೋನು, “ಓಡಿ ಬಂದವಳು ನಾನು, ನೀನ್ಯಾಕೆ ಹೀಗೆ ಏದುಸಿರು ಬಿಡ್ತಿದೀಯ?”